ಕಡೆಯ ಎಲೆಯ ಮರಿಲಿಂಗಪ್ಪನವರು

ಮರಿಲಿಂಗಪ್ಪನವರು ಯಾರ ಮದುವೆಗೇ ಹೋಗಲಿ, ಊಟಕ್ಕೆ ಕೂರುವುದು ಮಾತ್ರ ಕಡೆಯ ಸಾಲಿನ ಕಡೆಯ ಎಲೆಗೆ. ಬೀಗರು ಕೈಹಿಡಿದು ಎಳೆದರೂ, ಮದುಮಗನ ತಂದೆಯೇ ಬಂದು ಮುಂದಿನ ಸಾಲಿನಲ್ಲಿ ಜಾಗ ತೋರಿಸಿದರೂ, ಒಂದು ಕೈ ಬೆನ್ನಿಗಿಟ್ಟು, ತಲೆಯನ್ನು ತುಸು ಎಡಕ್ಕೆ ವಾಲಿಸಿ, ಎಲ್ಲೋ ಹರಿಯುವ ನೀರಿನ ಸದ್ದು ಆಲಿಸುವವರಂತೆ ಅರೆಗಳಿಗೆ ನಿಂತು, ಆಮೇಲೆ ಸಾವಕಾಶವಾಗಿ ತುದಿಯ ಕಡೆಗೇ ನಡೆಯುತ್ತಾರೆ. ಅಲ್ಲಿಗೆ ಹುಗ್ಗಿ ಬಂದರೆ ಸರಿ. ಬರದಿದ್ದರೆ ಎದ್ದು, ಎಲೆಯಿಂದ ಎಲೆಗೆ ಹಿಂದಕ್ಕೆ ಸಾಗುತ್ತ, ಹುಗ್ಗಿಯ ಬಕೀಟು ಎಲ್ಲಿ ತಡೆದು ನಿಂತಿದೆಯೆಂದು ಪತ್ತೆಹಚ್ಚುತ್ತಾರೆ. ಶಿರವಾಳದ ಒಂದು ಮದುವೆಯಲ್ಲಿ ಅದು ಹೆಣ್ಣಿನ ಸೋದರಮಾವ ಮತ್ತು ಅವನ ಗೆಳೆಯರ ನಡುವೆ ಬೀಡುಬಿಟ್ಟಿತ್ತು. “ಗೇಟು ಪೂರಾ ಇಲ್ಲೇ ತೆರದು ಕುಂತ್ರ ಕೆಳಗಿನವ್ರು ಏನು ಉಣ್ಬೇಕ್ರಿ?” ಎಂದು ಇವರು ಕೇಳಿದ ಗಾಂಭೀರ್ಯಕ್ಕೆ ಸೋದರಮಾವ ನಕ್ಕು, ತಾನೇ ಬಕೀಟು ಹೊತ್ತು ಕಡೆಯ ಸಾಲಿಗೆ ಬಡಿಸಿದ.

ಅವರ ವೃತ್ತಿಯೇ ಅಂಥದು. ಶಹಾಪುರದ ಸುತ್ತ ಭತ್ತದ ಗದ್ದೆಗಳಿಗೆ ನೀರುಣಿಸುವ ಕಾಲುವೆಯ ಒಂದು ಕವಲಿನಲ್ಲಿ ಗೇಟು ಎತ್ತಿಳಿಸುವ ಕೆಲಸ. ಇಲಾಖೆ ಎಂದೋ ಕೊಟ್ಟ ಖಾಕಿ ಕೋಟನ್ನು ಮೇ ತಿಂಗಳ ಬಿಸಿಲಿನಲ್ಲಿಯೂ ಕಳಚದ ಈ ಮನುಷ್ಯ ಶಾಲೆಯ ಮಾಸ್ತರನಾದ ನನ್ನ ಎದುರುಮನೆಯವರು. ಆ ಕೋಟಿನ ಜೇಬುಗಳಲ್ಲಿ ನಟ್ಟು ತಿರುಗಿಸುವ ಪಾನಾ, ತಂತಿಯ ಸುರುಳಿ, ಶೇಂಗಾ ಮೂರೂ ಪರಮಸ್ನೇಹದಿಂದ ಬಾಳಿಕೊಂಡಿರುವುದನ್ನು ನಾನು ಬಹುಕಾಲದಿಂದ ಬಲ್ಲೆ. ನೀರು ಬಂದಿಲ್ಲವೆಂಬ ದೂರು ಬಂದಾಗ ಮೇಲಿನವರೆಲ್ಲ ಜೀಪು ಹತ್ತಿ ಕಾಲುವೆಯ ಮೊದಲಿಗೆ ಹೋದರೆ, ಇವರು ಕಾಲುವೆಯ ಕೊನೆಗೆ, ತಮ್ಮ ಮಾತಿನಲ್ಲಿ ‘ಟೇಲಿಗೆ’, ನಡೆದುಹೋಗಿ, ಒಣಗಿದ ಹೊಲದವನ ಕಾಲಬುಡದಿಂದ ಹುಡುಕಾಟ ಆರಂಭಿಸುತ್ತಾರೆ. “ತಡೀರಿ, ನೀರು ನೋಡೂಣು” ಎಂಬುದು ಅವರ ಪಲ್ಲವಿ. ಬಲ್ಬು ಹತ್ತದಿದ್ದರೂ ಅದೇ, ಬಸ್ಸು ಬಾರದಿದ್ದರೂ ಅದೇ. ರಾತ್ರಿಗೆ ಏನು ಅಡುಗೆ ಮಾಡಲಿ ಎಂದು ಕೇಳಿದ ಹೆಂಡತಿ ಸುಂದ್ರಮ್ಮನಿಗೂ ಒಮ್ಮೆ ಅದೇ ಉತ್ತರ ಸಿಕ್ಕಿ, ಆ ರಾತ್ರಿ ಆಕೆ ಬರೀ ನೀರನ್ನೇ ತಟ್ಟೆಯ ಮುಂದಿಟ್ಟಿದ್ದರು.

ಇಂಥವರಿಗೆ ಕಂಪ್ಯೂಟರಿನ ಆಟ ಅಂಟಿದ್ದು ಮಗಳು ಮೌನಮ್ಮನಿಂದ. ಹೆಸರಿಗೂ ಸ್ವಭಾವಕ್ಕೂ ಅಂಥ ವೈರವನ್ನು ನಾನು ಬೇರೆಲ್ಲೂ ಕಂಡಿಲ್ಲ. ಆ ಹುಡುಗಿ ಮಾತಾಡುತ್ತಲೇ ಡಿಪ್ಲೊಮಾ ಮುಗಿಸಿ, ಮಾತಾಡುತ್ತಲೇ ಕಡೇಚೂರಿನ ಔಷಧ ಕಾರ್ಖಾನೆಯಲ್ಲಿ ಕೆಲಸ ಹಿಡಿದು, ಸೈದಾಪುರದಲ್ಲಿ ಬಾಡಿಗೆ ಕೋಣೆ ಮಾಡಿಕೊಂಡಳು. ಮನೆಯಲ್ಲಿ ಅವಳೇ ಕೂಡಿಸಿದ ಎರಡು ಕಂಪ್ಯೂಟರುಗಳಿದ್ದವು: ಕಾಲೇಜಿನ ದಿನಗಳಲ್ಲಿ ಹಳೆಯ ಬಿಡಿಭಾಗಗಳಿಂದ ಕಟ್ಟಿದ್ದೊಂದು, ಆಮೇಲೆ ಆಸೆಪಟ್ಟು ಕಟ್ಟಿದ ಒಳ್ಳೆಯದೊಂದು. ಹೊರಡುವಾಗ, “ಹಳೀದು ಗುಜರಿಗೆ ಹಾಕ್ತೀನಿ, ನಾ ಅಲ್ಲೊಂದು ಹೊಸಾದು ತಗೋತೀನಿ, ಚಲೋದು ನಿನಗಿರಲಪ್ಪ” ಎಂದಿದ್ದಳು.

ಅಂದಿನಿಂದ ಪ್ರತಿ ಭಾನುವಾರ ಸಂಜೆ ತಂದೆ ಶಹಾಪುರದಲ್ಲಿ, ಮಗಳು ಸೈದಾಪುರದಲ್ಲಿ ಕುಳಿತು, ಪರದೆಯ ಮೇಲೆ ಯಾವುದೋ ಪರದೇಶದ ರಸ್ತೆಯಲ್ಲಿ ಒಬ್ಬರ ಹಿಂದೊಬ್ಬರು ಲಾರಿ ಓಡಿಸತೊಡಗಿದರು. ಕಿವಿಗೆ ಹೆಡ್‌ಫೋನು, ಮೈಮೇಲೆ ಅದೇ ಕೋಟು. ಸೇತುವೆ ಬಂತೆಂದರೆ ಮರಿಲಿಂಗಪ್ಪನವರು ಲಾರಿಯನ್ನು ನಿಧಾನಿಸಿ ಕೆಳಗಿನ ನೀರನ್ನು ನೋಡದೆ ಮುಂದೆ ಹೋಗುವವರಲ್ಲ. “ಇವ್ರು ಹೂಳು ತೆಗಸ್ತಾರ ನೋಡವ್ವಾ, ಹ್ಯಾಂಗ ಹೊಂಟದ ನೀರು!” ಫೋನಿನಲ್ಲಾದರೆ ಇವರ ಬಾಯಿಂದ “ಉಂಡಿ? ಆರಾಮಿದ್ದಿ?” ಎಂಬೆರಡು ಪ್ರಶ್ನೆಗಳಾಚೆ ಏನೂ ಹೊರಡದು. ಲಾರಿ ಹತ್ತಿದರೆ ಮಾತ್ರ ಗೇಟು ತೆರೆಯುತ್ತಿತ್ತು. ತಾವು ಹುಡುಗರಾಗಿದ್ದಾಗ ಮೊದಲ ಬಾರಿ ಕಾಲುವೆಗೆ ನೀರು ಬಂದದ್ದು, ಜೋಳದ ಸೀಮೆಯಲ್ಲಿ ಜನ ಭತ್ತ ನಾಟಿ ಮಾಡಲು ಕಲಿತದ್ದು, ಸುಂದ್ರಮ್ಮನನ್ನು ನೋಡಲು ಸುರಪುರಕ್ಕೆ ಹೋಗಿ ನಾಚಿಕೆಯಿಂದ ಆಕೆಯ ಅಕ್ಕನನ್ನೇ ನೋಡಿ ಬಂದದ್ದು, ಎಲ್ಲವನ್ನೂ ಮಗಳು ಕೇಳಿದ್ದು ಆ ರಸ್ತೆಗಳಲ್ಲಿಯೇ. ಅವರ ವಾರವೆಲ್ಲ ಆ ಸಂಜೆಯನ್ನು ಕಾಯುವುದರಲ್ಲೇ ಕಳೆಯುತ್ತಿತ್ತು.

ದಸರೆ ಕಳೆದ ಮೇಲೆ ಆಟಕ್ಕೆ ಹೊಸ ಊರುಗಳು, ಹೊಸ ರಸ್ತೆಗಳು ಸೇರಿದವು. ಅದರೊಂದಿಗೆ ತೊಂದರೆಯೂ ಬಂತು. “ಅಪ್ಪಾ, ನಿನ್ನ ಲಾರಿ ಕುಣಕೋತ ಬರಾಕತ್ತದ! ಒಮ್ಮೆ ಮಾಯ ಆಗ್ತದ, ಒಮ್ಮೆ ನನ್ನ ಲಾರಿ ಹೊಟ್ಯಾಗಿಂದ ಏಳ್ತದ!” ಎಂದು ಮೌನಮ್ಮ ಕೂಗುವಳು. ಇವರ ಪರದೆಯಲ್ಲಿಯೂ ಅವಳ ಲಾರಿ ಕಪ್ಪೆಯಂತೆ ಜಿಗಿಯುತ್ತಿತ್ತು. ಡಿಕ್ಕಿಗಳಾದವು, ಸರಕು ಚೆಲ್ಲಿತು. ಕೊನೆಗೊಂದು ಭಾನುವಾರ ಅವಳು ಮೆಲ್ಲಗೆ, “ಬಿಡೂಣಪ್ಪ, ಫೋನಿನ್ಯಾಗ ಮಾತಾಡೂಣು” ಎಂದುಬಿಟ್ಟಳು. ಮರಿಲಿಂಗಪ್ಪನವರು ಅಂದು ಚಹಾ ಕುಡಿಯಲಿಲ್ಲ. ಇನ್ನು ಮಗಳೊಂದಿಗೆ ತಮ್ಮ ಬದುಕು ಆ ಎರಡು ಪ್ರಶ್ನೆಗಳಿಗೆ ಇಳಿಯುವುದೆಂಬ ದಿಗಿಲು ಅವರ ಮುಖದಲ್ಲಿ ನನಗೆ ಸ್ಪಷ್ಟವಾಗಿ ಕಂಡಿತು, ನನಗೂ ಸಂಕಟವಾಯಿತು.

ಹಬ್ಬದ ಮುಂಗಡ ಕೈಗೆ ಬಂದಿತ್ತು. ಅದರಲ್ಲಿ ಒಂದೇ ಒಂದು ಬಿಡಿಭಾಗ ಕೊಳ್ಳಬಹುದಿತ್ತು, ಎರಡಲ್ಲ. ಬಸ್‌ಸ್ಟ್ಯಾಂಡಿನ ಹತ್ತಿರ ಕಂಪ್ಯೂಟರ್ ಅಂಗಡಿಯಿಟ್ಟ ನಸೀರುದ್ದೀನ ಒಂದು ಗ್ರಾಫಿಕ್ಸ್ ಕಾರ್ಡನ್ನು ತೆಗೆದು, “ಚಿತ್ರ ಎಳಿಯೂದು ಇದೇ ರಿ ಕಾಕಾ. ಇದನ್ನ ಬದ್ಲ ಮಾಡ್ರಿ, ಲಾರಿ ಗಾಳ್ಯಾಗ ಹೋಗ್ತದ” ಎಂದ. ನಾನೂ ಏನೊಂದೂ ತಿಳಿಯದೆ ತಲೆಯಾಡಿಸಿದೆ.

“ತಡೀರಿ, ನೀರು ನೋಡೂಣು.”

“ಇದ್ರಾಗ ನೀರೆಲ್ಲಿ ಬಂತು ರಿ?” ಎಂದು ನಸೀರುದ್ದೀನ ನಕ್ಕರೂ, ಆ ಕಾರ್ಡನ್ನು ಇವರಿಗಾಗಿ ಬೇರೆ ಎತ್ತಿಟ್ಟ.

ಮನೆಗೆ ಬಂದು ಮರಿಲಿಂಗಪ್ಪನವರು ತಮ್ಮ ಯಂತ್ರದ ಟೇಲಿನಿಂದ, ಅಂದರೆ ಪರದೆಯಿಂದ, ಶೋಧನೆ ಆರಂಭಿಸಿದರು. ಆಟದ ಚಿತ್ರದ ಗುಣಮಟ್ಟವನ್ನು ತಗ್ಗಿಸಿದರು. ಮರಗಳು ಕಡ್ಡಿಗಳಾದವು, ಲಾರಿ ಸರಾಗ ಓಡಿತು. ಗುಣಮಟ್ಟವನ್ನು ತುದಿಗೇರಿಸಿದರು, ಎಲೆ ಎಲೆಯೂ ಅಲುಗಿತು, ಲಾರಿ ಆಗಲೂ ಬೆಣ್ಣೆಯಲ್ಲಿ ಹೋದಂತೆ ಹೋಯಿತು. ಹೊಸ ಊರುಗಳನ್ನೆಲ್ಲ ಒಬ್ಬರೇ ಸುತ್ತಿ ಬಂದರು. ಎಲ್ಲಿಯೂ ಲಾರಿ ಎಡವಲಿಲ್ಲ. ಸಂತೋಷಪಡಬೇಕಾದ ಮನುಷ್ಯ ಹೆಡ್‌ಫೋನು ಕಳಚಿ, ತಲೆಯನ್ನು ಎಡಕ್ಕೆ ವಾಲಿಸಿ, ಪಕ್ಕದಲ್ಲಿದ್ದ ನನ್ನತ್ತ ತಿರುಗಿದರು.

“ಮಾಸ್ತರ್ರ, ನನ್ನ ಹೊಲ ತೊಯ್ದದ. ಹಂಗಾದ್ರ ಒಣಗಿದ್ದು ಯಾರದು?”

ಜನ್ಮವಿಡೀ ಕಡೆಯ ಎಲೆಗೆ ಕುಳಿತವರು, ಈ ಎರಡು ಯಂತ್ರಗಳ ಪಂಕ್ತಿಯಲ್ಲಿಯೂ ಕಡೆಯವರು ತಾವೇ ಎಂದು ನಂಬಿದ್ದರು. ಅದು ಕಾಲುವೆಯ ಮನುಷ್ಯನೊಬ್ಬನೇ ಮಾಡಬಹುದಾದ ತಪ್ಪು.

ಮುಂದಿನ ಭಾನುವಾರ ನನ್ನನ್ನೂ ಎಳೆದುಕೊಂಡು ಯಾದಗಿರಿಗೆ ಬಸ್ಸು, ಅಲ್ಲಿಂದ ಸೈದಾಪುರಕ್ಕೆ ರೈಲು. ಹೇಳದೆ ಕೇಳದೆ ಬಂದ ತಂದೆಯನ್ನು ಕಂಡು ಮೌನಮ್ಮ ಮೊದಲು ಹಿಗ್ಗಿದಳು, ಮರುಕ್ಷಣವೇ ಓಡಿಹೋಗಿ ಕೋಣೆಯ ಮೂಲೆಗೆ ಅಡ್ಡ ನಿಂತಳು. ಅವಳ ಹಿಂದೆ, ಮೇಜಿನ ಕೆಳಗೆ, ಆ ಹಳೆಯ ಕಂಪ್ಯೂಟರಿನ ಡಬ್ಬಿಯಿತ್ತು. ಮುರಿದ ಪಕ್ಕದ ಮುಚ್ಚಳವನ್ನು ಮರಿಲಿಂಗಪ್ಪನವರೇ ಹಿಂದೊಮ್ಮೆ ಕೋಟಿನ ಜೇಬಿನ ತಂತಿಯಿಂದ ಬಿಗಿದಿದ್ದರು. ಗೇಟಿನ ಸರಪಳಿಗೆ ಹಾಕುವ ಅದೇ ಹೆಣಿಗೆ, ಹಾಗೆಯೇ ಇತ್ತು. ಗುಜರಿಗೆ ಹೋಗಿದ್ದು ಯಾವುದೂ ಇರಲಿಲ್ಲ, ಹೊಸದು ಬಂದದ್ದೂ ಇರಲಿಲ್ಲ.

“ನಡೀತದಪ್ಪ ಇದು, ಚಲೋನ ಅದ” ಎಂದಳು ಮೌನಮ್ಮ.

ಮರಿಲಿಂಗಪ್ಪನವರು ನೆಲದ ಮೇಲೆ ಕುಳಿತು ಆ ತಂತಿಯನ್ನು ಬೆರಳಿನಿಂದ ಸವರಿದರು. “ಗೇಟಿನವನ ಮಗಳಾಗಿ, ಪೂರಾ ನೀರು ನನ್ನ ಹೊಲಕ್ಕ ಬಿಟ್ಟು ನೀ ಟೇಲಿನ್ಯಾಗ ಕುಂತೀಯಲ್ಲವ್ವಾ!” ಅವರಿಗೆ ನಗು ಬಂತು, ಕಣ್ಣೂ ತುಂಬಿತು. ನಾನು ಕಂಡಂತೆ ಮೌನಮ್ಮನ ಬಾಯಿಂದ ಮಾತು ಹೊರಡದೆ ಹೋದದ್ದು ಅದೊಂದೇ ಸಲ.

ಆಮೇಲೆ ಇಬ್ಬರೂ ಸೇರಿ ಆ ಯಂತ್ರದ ಕಾಲುವೆಯನ್ನು ಕೆಳಗಿನಿಂದ ಮೇಲಕ್ಕೆ ನಡೆದರು. ಚಿತ್ರವನ್ನು ಎಷ್ಟು ತಗ್ಗಿಸಿದರೂ, ಹೊಸ ಊರೊಂದು ಎದುರಾದೊಡನೆ ಲಾರಿ ಮುಗ್ಗರಿಸುತ್ತಿತ್ತು, ಅಂದರೆ ಕೊರತೆ ಚಿತ್ರ ಎಳೆಯುವ ಕಾರ್ಡಿನದಲ್ಲ. ಯಂತ್ರ ತನ್ನ ದುಡಿಮೆಯನ್ನು ತಾನೇ ತೋರಿಸುವ ಪುಟವನ್ನು ಮಗಳು ತೆರೆದಳು. ಅದರಲ್ಲಿ ರ‍್ಯಾಮಿನ ಗೆರೆ ಮೇಲಂಚಿಗೆ ಅಂಟಿಕೊಂಡಿತ್ತು. ಊರಿನ ಹೊರೆ ಇಳಿಸಿಕೊಳ್ಳಲು ಅಲ್ಲಿ ಜಾಗವೇ ಉಳಿದಿರಲಿಲ್ಲ. “ಸಿಕ್ತು!” ಎಂದು ತಂದೆ ಕೂಗಿದ ಕೂಗಿಗೆ ಪಕ್ಕದ ಕೋಣೆಯವರು ಇಣುಕಿ ನೋಡಿದರು.

ಮರುದಿನ ನಸೀರುದ್ದೀನ ಎತ್ತಿಟ್ಟ ಕಾರ್ಡನ್ನು ಮತ್ತೆ ಒಳಗಿಟ್ಟು, ಹಳೆಯ ಯಂತ್ರಕ್ಕೆ ಹೊಂದುವ ರ‍್ಯಾಮನ್ನು ಹುಡುಕಿ ಕೊಟ್ಟ. “ನೀರು ಸಿಕ್ತೇನ್ರಿ ಕಾಕಾ?” ಎಂದು ಕೇಳಿದಾಗ ಇವರು ಒಂದು ಹಿಡಿ ಶೇಂಗಾ ಅವನ ಕೈಗೆ ಸುರಿದರು. ರ‍್ಯಾಮು ಖಾಕಿ ಕೋಟಿನ ಒಳಜೇಬಿನಲ್ಲಿ ಸೈದಾಪುರ ತಲುಪಿತು. ಅದರ ಮುಂದಿನ ಭಾನುವಾರ ಸಂಜೆ ಎದುರುಮನೆಯಿಂದ “ಸೇತುವಿ ಬಂತವ್ವಾ, ಸಾವಕಾಶ!” ಎಂಬ ದನಿ ಕೇಳಿತು. ಅಡುಗೆಮನೆಯಿಂದ ಸುಂದ್ರಮ್ಮ, “ಇವ್ರ ಲಾರ್‍ಯಾಗ ಒಂದಿನಾನೂ ಮನೀಗೆ ಕಾಯಿಪಲ್ಯ ಬರಲಿಲ್ಲ” ಎಂದು ಗೊಣಗುತ್ತ ಮಿರ್ಚಿ ಭಜಿ ಕರಿಯುತ್ತಿದ್ದರು, ನನ್ನ ಪಾಲಿನ ತಟ್ಟೆಯನ್ನೂ ಕಳಿಸಿದರು.

ಕೊನೆಯವನ ಹೊಲ ತೊಯ್ದರೆ ಮಾತ್ರ ನೀರು ಬಂದಿತೆಂದು ಒಪ್ಪುವ ಜನ ಎಲ್ಲ ಊರುಗಳಲ್ಲಿಯೂ ಒಬ್ಬಿಬ್ಬರು ಇರುತ್ತಾರೆ. ಅವರಿಗೆ ತಿಳಿಯದ ಸಂಗತಿ ಒಂದೇ: ತಮಗಾಗಿಯೂ ಯಾರೋ ಸದ್ದಿಲ್ಲದೆ ಎದ್ದುಹೋಗಿ ತಮಗಿಂತ ಆಚೆಯ ಎಲೆಗೆ ಕುಳಿತಿರಬಹುದೆಂಬುದು. ಮೊನ್ನೆ ನಮ್ಮ ಓಣಿಯ ಮದುವೆಯಲ್ಲಿ ಮರಿಲಿಂಗಪ್ಪನವರು ರೂಢಿಯಂತೆ ಕಡೆಯ ಎಲೆಯತ್ತ ನಡೆದರೆ, ರಜೆಗೆ ಬಂದ ಮೌನಮ್ಮ ಅಲ್ಲಿ ಆಗಲೇ ಕುಳಿತಿದ್ದಳು. “ಏಳವ್ವಾ, ಅದು ನನ್ನ ಜಾಗಾ” ಎಂದರೆ ಏಳಳು. ಇಬ್ಬರ ವಾದ ನಡೆದಿರುವಾಗಲೇ ಹುಗ್ಗಿಯ ಬಕೀಟು, ಯಾರೂ ಕರೆಯದೆ, ತಾನಾಗಿ ಅಲ್ಲಿಗೆ ಬಂದು ನಿಂತಿತು.