ಹೂ ಕಾಣದ ಮೂಲಂಗಿಯ ಆಟ

ನಾನು ಒಂದು ವಿಡಿಯೊ ಗೇಮಿನ ಡಿಸ್ಕ್. ಜಪಾನಿನ ಒಂದು ಕಾರ್ಖಾನೆಯಲ್ಲಿ ಅಚ್ಚಾದವನು. ನನ್ನೊಳಗಿನ ಆಟವನ್ನು ಕಟ್ಟಿದವಳು ತೊಮೊಕೊ ಹಾನಾವಾ ಎಂಬ ಹೆಂಗಸು. ಅದರಲ್ಲಿ ಕತ್ತಿಯಿಲ್ಲ, ಕಾರಿಲ್ಲ, ಯಾರೂ ಸಾಯುವುದಿಲ್ಲ. ಒಬ್ಬ ಅಜ್ಜಿ ಮೂಲಂಗಿ ಬಿತ್ತಿ ಅದರ ಜತೆ ಹರಟುತ್ತಾಳೆ, ಅಷ್ಟೇ. ಆಡುವವರು ನೀರು ಹಾಕಿ ಕಾಯಬೇಕು. ಅವಸರಪಟ್ಟು ಕಿತ್ತರೆ ಮೂಲಂಗಿ ಅಳುತ್ತದೆ, ಆಟ ಮುಗಿಯುತ್ತದೆ. ಕೀಳದೆ ಬಿಟ್ಟರೆ, ಬಹಳ ದಿನಗಳ ಮೇಲೆ, ಹೂ ಬಿಡುತ್ತದೆ. ಆ ಹೂವಿಗಾಗಿಯೇ ತೊಮೊಕೊ ಇಷ್ಟೆಲ್ಲ ಕಟ್ಟಿದ್ದಳು.

ವಿಮರ್ಶಕರು ನನ್ನನ್ನು ಒಂದು ಮಧ್ಯಾಹ್ನ ಆಡಿದರು. ಇದು ಆಟವಾದರೆ ಅನ್ನ ಬೇಯುವುದನ್ನು ನೋಡುತ್ತ ಕೂರುವುದೂ ಆಟವೇ ಎಂದು ಒಂದು ಪತ್ರಿಕೆ ಬರೆಯಿತು. ಉಳಿದವರು ಅದನ್ನೇ ತಿರುಗಿಸಿ ಮುರುಗಿಸಿ ಬರೆದರು. ಹಿತ್ತಲ ಗಿಡ ಮದ್ದಲ್ಲ ಎನ್ನುವುದು ಅಲ್ಲಿಯೂ ನಿಜವೇ. ಮಾರಾಟವಾಗದ ನನ್ನ ಒಡಹುಟ್ಟಿದವರನ್ನು ಪುಡಿ ಮಾಡಿದರು. ನಾನು ಹೇಗೋ ಹಳೆಯ ಡಿಸ್ಕುಗಳ ಒಂದು ಕಟ್ಟಿನಲ್ಲಿ ಸೇರಿಕೊಂಡು ಮುಂಬಯಿಗೆ, ಅಲ್ಲಿಂದ ಹುಬ್ಬಳ್ಳಿಗೆ ಬಂದೆ.

ಅಲ್ಲಿ ಮೌನೇಶ ಪತ್ತಾರ ಒಂದು ಗೇಮ್ ಅಂಗಡಿ ಇಟ್ಟಿದ್ದ. ಅವನ ಮನೆತನದ್ದು ಬೆಳ್ಳಿ ಬಂಗಾರದ ಕೆಲಸ. ಇವನಿಗೆ ಅದು ಒಗ್ಗಿರಲಿಲ್ಲ. ಗಂಟೆಯ ಲೆಕ್ಕದಲ್ಲಿ ಆಡಲು ಬಂದವರು ಮೂಲಂಗಿಗಾಗಿ ಕಾಯುತ್ತಾರೆಯೇ? ಹಾಕಿದ ಕೂಡಲೇ ಕೀಳುತ್ತಿದ್ದರು, ಅದು ಅತ್ತರೆ ನಗುತ್ತಿದ್ದರು, ನನ್ನನ್ನು ತೆಗೆದು ಕುಸ್ತಿಯ ಆಟ ಹಾಕುತ್ತಿದ್ದರು. ನನಗೆ ಬದುಕೇ ಬೇಸರವಾಗಿತ್ತು.

ಕಾಯಲು ಕೂತವಳು ಮೌನೇಶನ ಹೆಂಡತಿ ಕಾಳಮ್ಮ. ತವರಿನಲ್ಲಿ ಹಿತ್ತಲು ತುಂಬ ಕಾಯಿಪಲ್ಲೆ ಬೆಳೆದವಳು. ಇಲ್ಲಿ ಅಂಗಡಿಯ ಹಿಂದಿನ ಒಂದೇ ಕೋಣೆ, ಹಿಡಿ ಮಣ್ಣಿಲ್ಲ. ಜಪಾನಿ ಅಕ್ಷರ ಒಂದೂ ತಿಳಿಯದಿದ್ದರೂ ನಾನು ಅವಳಿಗೆ ಪೂರಾ ಅರ್ಥವಾದೆ. ಅಂಗಡಿ ಖಾಲಿಯಿರುವಾಗ ನೀರು ಹಾಕುವಳು, ಅಜ್ಜಿಯ ಮಾತಿಗೆ ಕನ್ನಡದಲ್ಲಿ ಉತ್ತರ ಕೊಡುವಳು. ಆಟವನ್ನು ನಿಂತಲ್ಲಿಂದ ಮುಂದುವರಿಸಲು ಮೆಮೊರಿ ಕಾರ್ಡ್ ಬೇಕು. ಗಿರಾಕಿಗಳು ಕದಿಯುತ್ತಾರೆಂದು ಮೌನೇಶ ಅದನ್ನು ಇಡುತ್ತಿರಲಿಲ್ಲ. ಹಾಗಾಗಿ ಹೆಂಡತಿಗೆಂದೇ ಒಂದು ಮಷಿನ್ನು ಬಿಟ್ಟುಕೊಟ್ಟ. ಅದು ಹಗಲೂ ರಾತ್ರಿ ನನ್ನನ್ನು ತಿರುಗಿಸುತ್ತಿತ್ತು. ಎಲೆ ದಪ್ಪವಾಗುವುದು, ದಂಟು ಏಳುವುದು, ಅಷ್ಟರಲ್ಲಿ ಕರೆಂಟು ಹೋಗುವುದು. ಮತ್ತೆ ಬೀಜದಿಂದ ಶುರು. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ ಎನ್ನುವುದನ್ನು ಆ ಊರಿನಲ್ಲಿ ನಾನು ಎಷ್ಟು ಸಲ ಅನುಭವಿಸಿದೆನೋ. ಕಾಳಮ್ಮ ಮಾತ್ರ ಸೆರಗಿನಿಂದ ಮುಖ ಒರೆಸಿಕೊಂಡು ಮತ್ತೆ ಬಿತ್ತುತ್ತಿದ್ದಳು.

ಕಡೆಗೆ ಅಂಗಡಿ ನಡೆಯದಾಯಿತು. ಮಷಿನ್ನು, ಟೀವಿ ಎಲ್ಲ ಮಾರಿದ ದಿನ ಮೌನೇಶ ನನ್ನೊಬ್ಬನನ್ನು ತೆಗೆದಿಟ್ಟುಕೊಂಡ. ಹೆಂಡತಿಗೆ ಕೊಡುವುದನ್ನು ಕೊಳೆಯಾಗಿ ಕೊಡುವುದು ಹೇಗೆ? ಬೆಳ್ಳಿ ಒಡವೆ ತೊಳೆಯುವಂತೆ ಅಂಟುವಾಳದ ನೊರೆ ಮಾಡಿ, ಅಪ್ಪನ ಬಿರುಸು ಬ್ರಷ್ಷಿನಿಂದ, ದುಂಡಗೆ, ಅಂಚು ಫಳಫಳ ಎನ್ನುವ ತನಕ ತಿಕ್ಕಿದ. ಡಿಸ್ಕಿನ ಮೇಲೆ ಬರೆದ ಕತೆ ನಡುವಿನಿಂದ ಹೊರಟು ಅಂಚಿಗೆ ಹೋಗಿ ಮುಗಿಯುತ್ತದೆ, ಗೀರು ಬಿದ್ದಲ್ಲಿ ಅಳಿಸಿಹೋಗುತ್ತದೆ ಎಂದು ಅವನಿಗೆ ಯಾರು ಹೇಳಬೇಕು? ನನ್ನ ಹೂ ಇದ್ದದ್ದು ಆ ಅಂಚಿನಲ್ಲೇ. ನಾನು ಕೂಗಿಕೊಂಡೆ, ಕೇಳುವ ಕಿವಿ ಇರಲಿಲ್ಲ.

"ಕರೆಂಟ್ ಹೋಗದ ಕಾಲ ಬಂದ ಬರ್ತೈತಿ. ಆವಾಗ ಆಡಿಯಂತ, ಇಟ್ಕೋ" ಎಂದು ಅವಳ ಕೈಯಲ್ಲಿಟ್ಟ. ಕೆಲವು ವರ್ಷಗಳಲ್ಲಿ ಅವನು ತೀರಿಕೊಂಡ. ಅವಳು ನನ್ನನ್ನು ದೇವರ ಗೂಡಿನಲ್ಲಿ ಇಟ್ಟುಕೊಂಡಳು.

ಅಷ್ಟರಲ್ಲಿ ಲೋಕಕ್ಕೆ ಬುದ್ಧಿ ಬಂದಿತ್ತು, ಅಥವಾ ಹುಚ್ಚು ಹಿಡಿದಿತ್ತು. ನನ್ನನ್ನು ಹೀಯಾಳಿಸಿದ ಪತ್ರಿಕೆಯೇ ನನ್ನನ್ನು ಮೇರುಕೃತಿ ಎಂದಿತಂತೆ. ಹೊಸ ಆಟ ಕಟ್ಟುವವರು ತಾಳ್ಮೆ ಕಲಿತದ್ದು ನನ್ನಿಂದ ಎಂದರಂತೆ. ತೊಮೊಕೊ ಮಾತ್ರ ಎಂದೋ ಆ ಕೆಲಸ ಬಿಟ್ಟು ಎಲ್ಲಿಗೋ ಹೋಗಿದ್ದಳು. ಕಾಳಮ್ಮನ ತಂಗಿಯ ಮಗಳು ನನ್ನ ಫೋಟೊವನ್ನು ಇಂಟರ್‌ನೆಟ್ಟಿನಲ್ಲಿ ಹಾಕಿದ್ದೇ ತಡ, ಮಂಗಳೂರಿನಿಂದ ಸುಹಾಸ್ ಕಿಣಿ ಎಂಬ ಸಂಗ್ರಹಕಾರ ಓಡಿಬಂದ. ಈ ಹೊಗಳಿಕೆಯ ಕತೆಯೆಲ್ಲ ಅವನು ಹೇಳಿದ್ದು. ಹೂ ನೋಡಿದ್ದೀರೇನು ಎಂದು ಕಾಳಮ್ಮ ಕೇಳಿದರೆ, ಇಲ್ಲ, ಅದರ ಬಗ್ಗೆ ಬಹಳ ಓದಿದ್ದೇನೆ ಎಂದ.

ಹಣ ಬೇಡವೆಂದಳು. ಆಡಿ, ಹೂ ಬಿಟ್ಟರೆ ತಿಳಿಸಬೇಕು, ಅಷ್ಟೇ ಎಂದಳು. ನನ್ನನ್ನು ಕೊಡುವಾಗ, "ನಮ್ಮನಿಯವರು ತಿಕ್ಕಿ ಕೊಟ್ಟಾರ್ರೀ, ಬೆಳ್ಳಿ ಕಾಲುಂಗುರ ಇದ್ದಂಗ" ಎಂದು ಹೆಮ್ಮೆಪಟ್ಟಳು.

ಸುಹಾಸ್ ಮಾತು ತಪ್ಪಲಿಲ್ಲ. ಕರೆಂಟು ಹೋಗದ ಮನೆಯಲ್ಲಿ ದಿನಗಟ್ಟಲೆ ಆಡಿದ. ದಂಟು ಎದ್ದಿತು, ಮೊಗ್ಗು ಕಂಡಿತು, ನಾನು ಜೀವ ಒತ್ತೆಯಿಟ್ಟು ತಿರುಗಿದೆ. ಅಲ್ಲಿಗೇ ತೆರೆ ನಿಂತುಹೋಯಿತು. ಎಷ್ಟು ಸಲ ಹಾಕಿದರೂ ಅಷ್ಟೇ. ನನ್ನನ್ನು ಬೆಳಕಿಗೆ ಹಿಡಿದು ಅಂಚಿನ ದುಂಡು ಗೀರುಗಳನ್ನು ನೋಡಿದಾಗ ಅವನಿಗೆ ಎಲ್ಲ ತಿಳಿಯಿತು.

ಕಾಳಮ್ಮನೇ ಫೋನು ಮಾಡಿದಳು. "ಹೂ ಬಿಡ್ತೇನಪಾ?"

ಅವನು ನನ್ನನ್ನು ಗೀರು ಕಾಣದಂತೆ ಮೇಜಿನ ಮೇಲೆ ಬೋರಲು ಹಾಕಿದ. "ಬಿಟ್ಟಿತಮ್ಮ" ಎಂದ.

"ಅವರೂ ನೋಡಬೇಕಾಗಿತ್ತು" ಎಂದು ಅವಳು ಅತ್ತಳು. ಆಮೇಲೆ ನಿಶ್ಚಿಂತೆಯಾಗಿ ಫೋನು ಇಟ್ಟಳು.

ಈಗ ನಾನು ಗಾಜಿನ ಕಪಾಟಿನಲ್ಲಿದ್ದೇನೆ. ಬಂದವರು ಬಗ್ಗಿ ನೋಡುತ್ತಾರೆ, ಫೋಟೊ ತೆಗೆಯುತ್ತಾರೆ, ಹೊಗಳುತ್ತಾರೆ. ಸುಹಾಸ್ ಕೆಟ್ಟವನಲ್ಲ, ಸತ್ತ ಗಂಡನ ಪ್ರೀತಿಯನ್ನು ಕಾಯಲು ಸುಳ್ಳು ಹೇಳಿದ. ಆದರೆ ನನ್ನ ಹೂವಿಗಾಗಿ ಈ ಭೂಮಿಯ ಮೇಲೆ ಕಾಯುತ್ತಿದ್ದವಳು ಅವಳೊಬ್ಬಳೇ. ಆ ದಿನದಿಂದ ಅವಳೂ ಕಾಯುತ್ತಿಲ್ಲ.