ಯಾವ ತೋಳಿಗೆ ಚುಚ್ಚಿದ್ದು?

ಅಂದು ಬೆಳಿಗ್ಗೆ ಅಮೆರಿಕದ ಮಿನೆಸೋಟದ ಆ ಹಳ್ಳಿಯಲ್ಲಿ ಉಸಿರು ಬಿಟ್ಟರೆ ಮೀಸೆಯ ಮೇಲೆ ಹಿಮ ಕಟ್ಟುವಂಥ ಚಳಿ. ಚರ್ಚಿನ ನೆಲಮಾಳಿಗೆಗೆ ಕೌದಿ ಹೊಲಿಯಲು ಬಂದ ಆರ್ಲಿಸ್‌ಗೆ ಕೋಟು ಕಳಚಲಾಗಲಿಲ್ಲ. ಎಡತೋಳು ಮೇಲೇಳದು. ಎರಡು ವರ್ಷದಿಂದ ಹೀಗೇ. ಔಷಧಿ ಅಂಗಡಿಯ ಡ್ವೇನ್ ಬಳಿ ಫ್ಲೂ ಲಸಿಕೆ ಹಾಕಿಸಿಕೊಂಡ ರಾತ್ರಿಯಿಂದ.

ಚರ್ಚಿನ ದಾದಿ ಕೊರಿನ್ ಕೋಟು ಬಿಡಿಸಿದಳು. "ಪರಿಹಾರದ ಅರ್ಜಿ ಎಲ್ಲಿಗೆ ಬಂತೇ?"

"ನಿಂತಿದೆ. ಯಾವ ತೋಳಿಗೆ ಚುಚ್ಚಿದ್ದು ಅಂತ ಅಂಗಡಿಯ ದಾಖಲೆ ಬೇಕಂತೆ. ಅದು ಸಿಕ್ಕರೆ ಸರ್ಕಾರ ರಾಜಿಗೆ ಬರುತ್ತೆ ಅಂತಾರೆ ವಕೀಲರು. ನಂಗೊಂದೂ ತಿಳೀತಿಲ್ಲ ಕಣೇ. ಭಾನುವಾರ ಪಕ್ಕದ ಬೆಂಚಲ್ಲಿ ಕೂತು ಹಾಡೋ ಡ್ವೇನ್ ಮೇಲೇ ದಾವೆ ಹಾಕ್ಬಿಟ್ನಾ?"

"ಅಯ್ಯೋ ಮಂಕೇ! ಎದುರು ಪಕ್ಷ ಸರ್ಕಾರದ ಆರೋಗ್ಯ ಖಾತೆ, ಡ್ವೇನ್ ಅಲ್ಲ. ಲಸಿಕೆಯಿಂದ ತೊಂದರೆ ಆದೋರಿಗೆ ಕೊಡೋಕೆ ಅಂತ್ಲೇ ಪ್ರತಿ ಡೋಸಿಗೂ ಒಂದಿಷ್ಟು ತೆರಿಗೆ ಎತ್ತಿ ನಿಧಿ ಮಾಡಿಟ್ಟಿದ್ದಾರೆ. ವಕೀಲರ ಫೀಜೂ ಅಲ್ಲಿಂದ್ಲೇ."

"ಹಾಗಾದ್ರೆ ಲಸಿಕೆ ಕೆಟ್ಟದ್ದು ಅಂತಾಯ್ತಲ್ಲ?"

"ಲಸಿಕೆ ಚೆನ್ನಾಗೇ ಇತ್ತು, ಸೂಜಿ ತೀರಾ ಮೇಲೆ, ಭುಜದ ಕೀಲಿಗೆ ಬಿತ್ತು. ಅವತ್ತು ಸ್ವೆಟರ್ ಬಿಚ್ಚಿ ತೋಳು ಪೂರಾ ತೋರಿಸಿದ್ಯಾ?"

ಆರ್ಲಿಸ್ ತಲೆ ತಗ್ಗಿಸಿದಳು. ಮೈಮೇಲೆ ಮೂರು ಸ್ವೆಟರ್, ಹಿಂದೆ ಉದ್ದನೆಯ ಸಾಲು. ಜನರನ್ನು ಕಾಯಿಸಬಾರದೆಂದು ಕತ್ತಿನ ಕಡೆಯಿಂದ ಬಟ್ಟೆ ಜಗ್ಗಿ ಭುಜದ ತುದಿಯನ್ನೇ ಒಡ್ಡಿದ್ದಳು. ಆಮೇಲೆ ಡಾಕ್ಟರು ಕೇಳಿದಾಗಲೂ "ಪರವಾಗಿಲ್ಲ" ಎಂದು ಎರಡು ತಿಂಗಳು ತಳ್ಳಿದ್ದಳು. ನೋವು ಹೇಳಿಕೊಳ್ಳುವುದು ಆ ಊರಲ್ಲಿ ಮರ್ಯಾದೆಯಲ್ಲ.

"ಹೆಣ ಎತ್ತೋವಾಗ್ಲೂ ಪರವಾಗಿಲ್ಲ ಅನ್ನೋ ಜಾತಿ ನಮ್ದು," ಕೊರಿನ್ ನಕ್ಕಳು. "ಏಳು, ಹೋಗಿ ಕೇಳು."

ಔಷಧಿ ಅಂಗಡಿಗೆ ಹೋದ ಆರ್ಲಿಸ್ ಕೌಂಟರಿನ ಮುಂದೆ ನಿಂತಳು.

"ಡ್ವೇನ್, ಅದೂ... ಚಳಿ ಜಾಸ್ತಿ ಅಲ್ವಾ?"

"ಹೂಂ, ಜಾಸ್ತಿ."

ಡ್ವೇನ್ ಅವಳ ಜೋತುಬಿದ್ದ ತೋಳನ್ನೊಮ್ಮೆ ನೋಡಿ ಒಳಗೆ ಹೋದ. ಬಂದವನು ಒಂದು ಹಾಳೆಯನ್ನು ಮೆಲ್ಲನೆ ಅವಳತ್ತ ಸರಿಸಿದ. ಅದರಲ್ಲಿ ತಾರೀಖು, ಲಸಿಕೆಯ ಹೆಸರು, 'ಎಡತೋಳು'.

"ಇದು ನಿಮ್ದೇ ಕಾಗದ, ಆರ್ಲಿಸಕ್ಕಾ. ಅರ್ಜಿಯ ಸುದ್ದಿ ನನ್ನ ಕಿವಿಗೂ ಬಿದ್ದಿದೆ. ಯಾವತ್ತೋ ಕೇಳ್ಬಹುದಿತ್ತು."

ಮುಂದಿನ ಹಿಮ ಬೀಳುವ ಮೊದಲೇ ರಾಜಿಯಾಯಿತು.

ತಾಯಂದಿರೇ, ಅಣ್ಣಂದಿರೇ, ಲಸಿಕೆ ತಪ್ಪಿಸಬೇಡಿ. ಬಟ್ಟೆ ಬಿಚ್ಚಿ ತೋಳನ್ನು ಪೂರಾ ಒಡ್ಡಿ. ಎರಡು ದಿನದೊಳಗೆ ಭುಜ ಹಿಡಿದುಕೊಂಡರೆ ಡಾಕ್ಟರಿಗೆ ಹೇಳಿ ಬರೆಸಿಡಿ. ಆರು ತಿಂಗಳು ದಾಟಿಯೂ ನೋವು ಬಿಡದಿದ್ದರೆ, ಅದು ಶುರುವಾದ ಮೂರು ವರ್ಷದೊಳಗೆ ಅಮೆರಿಕದಲ್ಲಿರುವವರು ಈ ನಿಧಿಗೆ ಅರ್ಜಿ ಹಾಕಿ. ಬಾಯಿ ಬಿಡದ ನೋವೂ ದೇವರಿಗೆ ಕೇಳಿಸುತ್ತದೆ. ಆಸ್ಪತ್ರೆಯ ಕಡತಕ್ಕೆ ಮಾತ್ರ ನೀವೇ ಹೇಳಬೇಕು.