ಒಂದು ಲೋಟ ಕಹಿ

ತಮ್ಮನಿಗೆ ಕುಡಿಸಿದ ಆ ಅಣಬೆಯಿಂದ ಏನಾದರೂ ಉಪಯೋಗವಾಯಿತೇ ಎಂದು ಜನ ಈಗಲೂ ನನ್ನನ್ನು ಕೇಳುತ್ತಾರೆ. ಅಂಗಿಯ ಅಳತೆ ಕೊಡಲು ಬಂದವರು ಕೈ ಎತ್ತಿ ನಿಂತುಕೊಂಡೇ ಕೇಳುತ್ತಾರೆ. ಅವರ ಮನೆಯಲ್ಲೂ ಯಾರೋ ಹಾಸಿಗೆ ಹಿಡಿದಿರುತ್ತಾರೆ, ಪಾಪ. ಬಾಯಲ್ಲಿ ಗುಂಡುಸೂಜಿ ಕಚ್ಚಿಕೊಂಡಿದ್ದೇನೆ ಎಂಬ ನೆಪದಲ್ಲಿ ನಾನು ಸುಮ್ಮನಾಗುತ್ತೇನೆ. ಇಲ್ಲದಿದ್ದರೆ ನನ್ನ ಬಾಯಿ ಸುಮ್ಮನಿರುವ ಜಾತಿಯದಲ್ಲ ಎಂಬುದು ಬೀದಿಗೆಲ್ಲ ಗೊತ್ತು.

ನನ್ನ ತಮ್ಮ ಬೇಕರಿಯವನು. ಅಮ್ಮ ಹೋದಾಗ ಅವನಿನ್ನೂ ನನ್ನ ಸೊಂಟ ಬಿಟ್ಟು ಇಳಿದಿರಲಿಲ್ಲ, ಸಾಕಿದವಳು ನಾನೇ. ನನ್ನ ಹೊಲಿಗೆ ಅಂಗಡಿಗೂ ಅವನು ಬ್ರೆಡ್ ಸುಡುವ ಭಟ್ಟಿಗೂ ನಡುವೆ ಒಂದೇ ಗೋಡೆ. ಚಳಿಗಾಲದಲ್ಲಿ ಆ ಗೋಡೆಗೆ ಬೆನ್ನು ಕೊಟ್ಟು ಹೊಲಿಯುತ್ತಿದ್ದೆ. ಅವನಿಗೆ ತಕ್ಕಡಿಗಿಂತ ತನ್ನ ನಾಲಿಗೆಯ ಮೇಲೆ ಹೆಚ್ಚು ನಂಬಿಕೆ. ನಾದಿದ ಹಿಟ್ಟಿನಿಂದ ಒಂದು ಚಿಟಿಕೆ ಕಿತ್ತು ನಾಲಿಗೆಗೆ ಹಚ್ಚಿಕೊಂಡು, ಕಣ್ಣು ಮುಚ್ಚಿ, ಉಪ್ಪು ಸಾಲದು, ಹುಳಿ ಇನ್ನೂ ಏರಬೇಕು ಎನ್ನುತ್ತಿದ್ದ. ಭಟ್ಟಿಯ ಎಡಗಡೆ ಮೂಲೆಯಲ್ಲಿ ಒಂದು ಇಟ್ಟಿಗೆ ಕುಸಿದು, ಅಲ್ಲಿಟ್ಟ ಬ್ರೆಡ್ ಯಾವಾಗಲೂ ಸೀದು ಕಪ್ಪಾಗುತ್ತಿತ್ತು. ರಿಪೇರಿ ಮಾಡಿಸೋ ಎಂದರೆ, ಮಾಡಿಸಿದರೆ ನಿನಗೆ ಬ್ರೆಡ್ ಎಲ್ಲಿಂದ ತರಲಿ ಎಂದು ನಗುತ್ತಿದ್ದ. ಸೀದದ್ದನ್ನು ಗಿರಾಕಿಗೆ ಕೊಡುವಂತಿಲ್ಲ, ಎಸೆಯಲು ಮನಸ್ಸಿಲ್ಲ, ಹೇಗೂ ಅಕ್ಕ ಇದ್ದಾಳಲ್ಲ. ಆ ಮೂಲೆಯ ಬ್ರೆಡ್ಡು ನನ್ನ ಪಾಲು.

ಅವನಿಗೆ ಕರುಳಿನ ಕ್ಯಾನ್ಸರ್ ಎಂದು ಗೊತ್ತಾಗುವಷ್ಟರಲ್ಲಿ ಅದು ಬೇರೆ ಕಡೆಗೂ ಹಬ್ಬಿಯಾಗಿತ್ತು. ಕೀಮೋ ಶುರುವಾಯಿತು. ಕೂದಲು ಹೋದದ್ದಕ್ಕೆ ಅವನು ಬೇಸರ ಪಡಲಿಲ್ಲ, ಹಿಟ್ಟಿನಲ್ಲಿ ಕೂದಲು ಸಿಕ್ಕಿತು ಅಂತ ಇನ್ನು ಯಾರೂ ಜಗಳಕ್ಕೆ ಬರಲ್ಲ ಎಂದ. ಆಮೇಲೆ ನಾಲಿಗೆಯ ರುಚಿ ಹೋಯಿತು. ಅದಕ್ಕೆ ಮಾತ್ರ ಕುಸಿದುಹೋದ. ಬೇಕರಿ ನೋಡಿಕೊಳ್ಳುತ್ತಿದ್ದ ಅವನ ಹೆಂಡತಿ, ನನ್ನ ನಾದಿನಿ, ಬೆಳಿಗ್ಗೆ ಬೆಳಿಗ್ಗೆ ಒಂದು ಚಿಟಿಕೆ ಹಿಟ್ಟನ್ನು ಹಾಸಿಗೆಯ ಹತ್ತಿರಕ್ಕೇ ತರುತ್ತಿದ್ದಳು. ಅವನು ನಾಲಿಗೆಯ ಮೇಲೆ ಇಟ್ಟುಕೊಂಡು ಬಹಳ ಹೊತ್ತು ಕಣ್ಣು ಮುಚ್ಚಿರುತ್ತಿದ್ದ. ಸುಣ್ಣ ಇಟ್ಟರೂ ಇಷ್ಟೇ ಎನ್ನುತ್ತಿದ್ದ. ಉಪ್ಪಿಗಿಂತ ರುಚಿಯಿಲ್ಲ, ತಾಯಿಗಿಂತ ಬಂಧುವಿಲ್ಲ ಅಂತ ಗಾದೆ. ತಾಯಿ ಜಾಗಕ್ಕೆ ನೀನಿದ್ದೀಯಕ್ಕ, ಉಪ್ಪೇ ಕಾಣೆಯಾಗಿದೆ ಎಂದು ಒಂದು ದಿನ ನನ್ನ ಹತ್ತಿರ ಹೇಳಿ ಗೋಡೆಯ ಕಡೆ ತಿರುಗಿ ಮಲಗಿದ.

ಗಿಡಮೂಲಿಕೆ ಅಂಗಡಿಯಿಂದ ನಾನು ರೇಶಿ ಎಂಬ ಔಷಧಿ ಅಣಬೆ ತಂದದ್ದು ಆ ವಾರವೇ. ಅದು ಅಡುಗೆಯ ಅಣಬೆಯಂತೆ ಮೆತ್ತಗಿಲ್ಲ. ಸತ್ತ ಮರದ ಮೇಲೆ ಬೆಳೆಯುತ್ತದಂತೆ, ತಾನೂ ಮರದಷ್ಟೇ ಗಟ್ಟಿ, ಮೇಲೆ ವಾರ್ನಿಷ್ ಬಳಿದಂಥ ಕೆಂಪು ಹೊಳಪು. ನಿದ್ದೆ ಬರುತ್ತದೆ, ಶಕ್ತಿ ಬರುತ್ತದೆ, ಗಡ್ಡೆ ಕರಗುತ್ತದೆ ಎಂದು ಅಂಗಡಿಯವನು ಹೇಳಿದ್ದೇ ಹೇಳಿದ್ದು. ಅವನ ಪ್ರಕಾರ ಆ ಅಣಬೆಗೆ ಬಾರದ ಕೆಲಸವೆಂದರೆ ಬಟ್ಟೆ ಹೊಲಿಯುವುದೊಂದೇ. ನಂಬಿದೆಯಾ ಎಂದರೆ, ನಂಬಿದೆ. ಮುಳುಗುವವರಿಗೆ ಹುಲ್ಲುಕಡ್ಡಿಯೂ ಆಸರೆ. ನನಗೆ ನನ್ನ ತಮ್ಮ ಬದುಕಬೇಕಿತ್ತು, ಅಷ್ಟೇ.

ನಾದಿನಿ ಪೊಟ್ಟಣ ಕಿತ್ತಿಟ್ಟುಕೊಂಡಳು. ಡಾಕ್ಟರನ್ನು ಕೇಳದೆ ಒಂದು ತೊಟ್ಟೂ ಬಾಯಿಗೆ ಹಾಕಬಾರದು ಎಂದಳು. ನಿನ್ನೆ ಮೊನ್ನೆ ಬಂದವಳು ನನಗೆ ಹೇಳಿಕೊಡುತ್ತೀಯಾ ಎಂದು ನಾನು ಹಾರಾಡಿದೆ. ಅವಳು ಜಗ್ಗಲಿಲ್ಲ. ಕೊನೆಗೆ ಇಬ್ಬರೂ ಮುಖ ಊದಿಸಿಕೊಂಡು ಆಸ್ಪತ್ರೆಗೆ ಹೋದೆವು.

ಡಾಕ್ಟರಮ್ಮ ನಗಲಿಲ್ಲ. ಅಣಬೆಯ ಒಂದು ಹೋಳನ್ನು ಬೆರಳಲ್ಲಿ ತಿರುಗಿಸಿ ನೋಡಿದರು. ಇದರ ಮೇಲೆ ಪರೀಕ್ಷೆಗಳು ನಡೆದಿವೆ, ಆದರೆ ಸಣ್ಣವು. ಚಿಕಿತ್ಸೆಯ ಜೊತೆಗೆ ತೆಗೆದುಕೊಂಡ ಕೆಲವರಿಗೆ ಸುಸ್ತು ಕಡಿಮೆಯಾಗಿದೆ, ನಿದ್ದೆ ಬಂದಿದೆ, ಆದರೆ ಇದರಿಂದಲೇ ಗಡ್ಡೆ ಕರಗಿತು ಎನ್ನಲು ಆಧಾರವಿಲ್ಲ ಎಂದರು. ರಕ್ತ ತೆಳುವಾಗಬಹುದು, ಲಿವರ್‌ಗೆ ತೊಂದರೆಯಾಗಬಹುದು. ಈಗ ರಿಪೋರ್ಟ್ ಸರಿಯಿದೆ, ದಿನಕ್ಕೊಂದು ಚಿಕ್ಕ ಲೋಟ ಕೊಡಿ, ನಾನು ನಿಲ್ಲಿಸಿ ಅಂದ ದಿನ ನಿಲ್ಲಿಸಬೇಕು ಎಂದರು. ಎದ್ದು ಹೊರಟ ನನ್ನನ್ನು ನಿಲ್ಲಿಸಿ, "ವಾಸಿಯಾಗುತ್ತೆ ಅಂತ ಮಾತ್ರ ಕುಡಿಸಬೇಡಿ" ಎಂದರು. ಮತ್ತೆ ಇನ್ಯಾತಕ್ಕೆ ಕುಡಿಸುವುದು ಎಂದು ದಾರಿಯುದ್ದಕ್ಕೂ ಸಿಡಿಮಿಡಿಗೊಂಡೆ.

ಹೋಳುಗಳನ್ನು ಸಣ್ಣ ಉರಿಯಲ್ಲಿ ನೀರು ಅರ್ಧಕ್ಕಿಳಿಯುವ ತನಕ ಕುದಿಸಿ ಸೋಸಿದೆ. ಗಾಢ ಕಂದು ಬಣ್ಣದ ಕಷಾಯ. ಅವನು ಎಂದಿನಂತೆ, ನೀರು ಕುಡಿದ ಹಾಗೆ, ಒಂದು ಗುಟುಕು ಎಳೆದುಕೊಂಡ. ಮರುಕ್ಷಣ ಮುಖ ಹಿಂಡಿತು, ಭುಜ ಕಿವಿಗೇರಿತು. ಥೂ ಎಂದ. ಏನಾಯಿತೋ ಎಂದು ನಾನು ಬೆದರಿದೆ.

"ಕಹಿ," ಎಂದ. "ಅಕ್ಕಾ, ಕಹಿ ಗೊತ್ತಾಗ್ತಿದೆ."

ಅವನ ಕಣ್ಣಲ್ಲಿ ನೀರು ತುಂಬಿತ್ತು, ನಗುತ್ತಲೂ ಇದ್ದ. ನಾದಿನಿ ಹಿಟ್ಟಿನ ಕೈಯಲ್ಲೇ ಓಡಿ ಬಂದಳು. ನಮ್ಮ ಮನೆಯಲ್ಲಿ ಅಷ್ಟೊಂದು ಖುಷಿಯಿಂದ ಯಾರೂ ಮುಖ ಸಿಂಡರಿಸಿದ್ದನ್ನು ನಾನು ನೋಡಿರಲಿಲ್ಲ. ಆಮೇಲೆ ಸಂಜೆಯಾದರೆ ನನ್ನ ಲೋಟಕ್ಕಾಗಿ ಕಾಯತೊಡಗಿದ. ನಿದ್ದೆ ಹತ್ತಿತು. ಒಂದು ಬೆಳಿಗ್ಗೆ ಹಿಟ್ಟಿನ ಚಿಟಿಕೆ ಬಾಯಿಗಿಟ್ಟುಕೊಂಡು, ಉಪ್ಪು ಒಂಚೂರು ಕಮ್ಮಿ ಎಂದ. ನಾದಿನಿ ಬಾಗಿಲಿಗೆ ಒರಗಿ ಅತ್ತುಬಿಟ್ಟಳು. ಎರಡು ಕೀಮೋಗಳ ನಡುವೆ ರುಚಿ ತಾನಾಗಿಯೇ ಸ್ವಲ್ಪ ಮರಳುವುದುಂಟು ಎಂದು ಡಾಕ್ಟರಮ್ಮ ಹೇಳಿದರು. ಇರಬಹುದು. ನಾನು ಮಾತ್ರ ಅಣಬೆಗೇ ಮನಸ್ಸಿನಲ್ಲಿ ಕೈಮುಗಿದೆ.

ಆ ಖುಷಿ ಹೆಚ್ಚು ಕಾಲ ಉಳಿಯಲಿಲ್ಲ. ವಸಡಿನಲ್ಲಿ ರಕ್ತ ಜಿನುಗಲು ಶುರುವಾಯಿತು. ರಕ್ತದ ರಿಪೋರ್ಟ್ ಕೆಟ್ಟಿತ್ತು. ಡಾಕ್ಟರಮ್ಮ ಮೊದಲು ನಿಲ್ಲಿಸಿದ್ದು ಅಣಬೆಯನ್ನು, ಸ್ವಲ್ಪ ದಿನಕ್ಕೆ ಕೀಮೋವನ್ನೂ ನಿಲ್ಲಿಸಿದರು. ಎರಡನೆಯದರ ಅರ್ಥ ನಮಗೆ ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ. ನಾನೇ ಪೊಟ್ಟಣವನ್ನು ನಾದಿನಿಯ ಕೈಗೆ ಕೊಟ್ಟೆ.

ನಾಲಿಗೆಯ ರುಚಿ ಮತ್ತೆ ಹೋಯಿತು. ಅವನು ಗಂಜಿ ನುಂಗುತ್ತಿದ್ದ, ಹಾಲು ನುಂಗುತ್ತಿದ್ದ, ಯಾವುದಕ್ಕೂ ಮುಖದಲ್ಲಿ ಒಂದು ಗೆರೆ ಕದಲುತ್ತಿರಲಿಲ್ಲ. ಸಂಜೆಯಾದರೆ ಅಡುಗೆಮನೆಯ ಕಡೆ ನೋಡುತ್ತಿದ್ದ. "ವಾಸಿ ಆಗ್ಲಿ ಅಂತ ಕೇಳ್ತಿಲ್ಲಕ್ಕ," ಎಂದ. "ಬಾಯಿ ಇದೆ ಅಂತ ಗೊತ್ತಾದ್ರೆ ಸಾಕು."

ಆ ರಾಕ್ಷಸಿ ಕಾಯಿಲೆಯ ಮೇಲೆ, ಅಂಗಡಿಯವನ ಮೇಲೆ, ಎಲ್ಲರ ಮೇಲೂ ಸಿಟ್ಟು ಬಂತು. ಸಿಟ್ಟಿನಲ್ಲೇ ಊಟಕ್ಕೆ ಕೂತು, ನನ್ನ ಪಾಲಿನ ಬ್ರೆಡ್ಡಿನ ಕಪ್ಪು ಅಂಚು ಕಚ್ಚಿದೆ. ಕಹಿಯಾಗಿತ್ತು. ಬಾಯಲ್ಲಿದ್ದ ತುತ್ತು ಹಾಗೇ ನಿಂತಿತು. ಎದ್ದು ಆ ಅಂಚನ್ನು ಕೆರೆದು, ಬಿಸಿನೀರಲ್ಲಿ ನೆನೆಸಿ, ಸೋಸಿದೆ. ಅಣಬೆ ಕಷಾಯದ್ದೇ ಬಣ್ಣ ಬಂತು.

ಲೋಟ ಅವನ ತುಟಿಗಿಟ್ಟಾಗ ನಾದಿನಿ ಕಂಡಳು. ಅವಳು ಎಂದೂ ನನ್ನೆದುರು ದನಿ ಎತ್ತಿದವಳಲ್ಲ. ಅತ್ತಿಗೆ, ನೀವೇ ಅವರನ್ನು ಕೊಲ್ಲುತ್ತೀರಾ ಎಂದಳು. ಅಷ್ಟರಲ್ಲಿ ಅವನು ಕೈ ಎತ್ತಿ ಅವಳನ್ನು ತಡೆದ. ಗುಟುಕನ್ನು ನಾಲಿಗೆಯ ಮೇಲೆ ಇಟ್ಟುಕೊಂಡು ಕಣ್ಣು ಮುಚ್ಚಿದ್ದ, ಹಿಂದೆ ಹಿಟ್ಟಿನ ಚಿಟಿಕೆಗೆ ಮುಚ್ಚುತ್ತಿದ್ದನಲ್ಲ, ಹಾಗೆ.

"ಅಣಬೆ ಅಲ್ಲ ಕಣೇ," ಎಂದ. "ನಮ್ಮ ಭಟ್ಟಿ. ಎಡಗಡೆ ಮೂಲೆ."

ನಾದಿನಿ ಲೋಟ ಇಸಿದುಕೊಂಡು ಕುಡಿದು ನೋಡಿದಳು. ನನ್ನ ಭುಜಕ್ಕೆ ಹಣೆಯಿಟ್ಟಳು. ಮಾರನೇ ದಿನದಿಂದ ಅವಳೇ ಎಡಗಡೆ ಮೂಲೆಯಲ್ಲಿ ಒಂದರ ಬದಲು ಎರಡು ಬ್ರೆಡ್ ಇಟ್ಟು ಕಪ್ಪಾಗುವ ತನಕ ಬಿಡುತ್ತಿದ್ದಳು.

ಅವನು ಹಾಸಿಗೆಯಲ್ಲೇ ಚೇಷ್ಟೆ ಮಾಡುತ್ತಿದ್ದ. ಅಕ್ಕ ಸತ್ತರೆ ಅಮಾವಾಸ್ಯೆ ನಿಲ್ಲಲ್ಲ, ಅಣ್ಣ ಸತ್ತರೆ ಹುಣ್ಣಿಮೆ ನಿಲ್ಲಲ್ಲ ಅಂತಾರೆ, ತಮ್ಮನ ವಿಷಯ ಗಾದೆಯಲ್ಲಿ ಇಲ್ವಲ್ಲಕ್ಕ ಎಂದ. ಬಾಯಿ ಮುಚ್ಚೋ ಎಂದು ಗದರಿಸಿ ಅಂಗಡಿಗೆ ಬಂದು, ಬೆಚ್ಚಗಿನ ಗೋಡೆಗೆ ಮುಖ ಒತ್ತಿ ಅತ್ತೆ.

ಒಂದು ಸಂಜೆ ಎರಡು ಗುಟುಕು ಕುಡಿದು ಲೋಟದ ಒಳಗೆ ಇಣುಕಿ ನೋಡಿದ. ಮುಖ ಹಿಂಡಲಿಲ್ಲ.

"ಇವತ್ತು ನೀರು ಜಾಸ್ತಿ ಆಯ್ತಾ ಅಕ್ಕ?"

ನಾನು ಅದೇ ಲೋಟದಿಂದ ಒಂದು ಗುಟುಕು ಕುಡಿದೆ. ಕಹಿ ಗಂಟಲವರೆಗೂ ಇಳಿಯಿತು, ದವಡೆ ಜುಮ್ಮೆಂದಿತು.

"ಹೌದು ಕಣೋ," ಎಂದೆ. "ಕೈ ತಪ್ಪಿ ಹೋಯ್ತು. ನಾಳೆ ಗಟ್ಟಿಯಾಗಿ ಮಾಡ್ತೀನಿ."

"ಮಾಡು," ಎಂದು ಉಳಿದದ್ದನ್ನೂ ಕುಡಿದ.

ಮಾರನೇ ದಿನ ಎರಡೂ ಬ್ರೆಡ್ಡಿನ ಅಂಚು ಕೆರೆದು ಗಟ್ಟಿಯಾಗಿಯೇ ಮಾಡಿದೆ. ಸೋಸುತ್ತಿರುವಾಗ ನಾದಿನಿ ಬಂದು ಅಡುಗೆಮನೆಯ ಬಾಗಿಲಲ್ಲಿ ನಿಂತಳು. ಅದು ಇನ್ನು ಯಾರಿಗೆ ಅತ್ತಿಗೆ ಎಂದಳು. ಲೋಟ ತುಂಬಿತ್ತು. ಅದನ್ನು ಚೆಲ್ಲಲು ನನ್ನಿಂದ ಆಗಲಿಲ್ಲ. ನಿಂತುಕೊಂಡೇ ಅಷ್ಟನ್ನೂ ಕುಡಿದೆ.